ಬಾನ್ಯುಲ್ಸ್‌ನಿಂದ ಪೋರ್ಟ್‌ಬೌಗೆ: 1940ರ ಕಳ್ಳದಾರಿಯನ್ನು ಒಂದು ದಿನದಲ್ಲಿ ನಡೆಯುವುದು ಹೇಗೆ

ಫ್ರಾನ್ಸಿನ ದಕ್ಷಿಣ ತುದಿಯಲ್ಲಿ, ಪಿರೆನೀಸ್ ಬೆಟ್ಟಸಾಲು ಮೆಡಿಟರೇನಿಯನ್ ಕಡಲಿಗೆ ಇಳಿದು ಮುಗಿಯುವ ಜಾಗದಲ್ಲಿ, ಬಾನ್ಯುಲ್ಸ್-ಸುರ್-ಮೆರ್ ಎಂಬ ದ್ರಾಕ್ಷಿತೋಟಗಳ ಊರಿದೆ. ಅಲ್ಲಿಂದ ಗಡಿಯ ಏಣು ಹತ್ತಿ ಸ್ಪೇನಿನ ಪೋರ್ಟ್‌ಬೌಗೆ ಇಳಿಯುವ ಕಾಲುದಾರಿ ಸುಮಾರು 15 ಕಿಲೋಮೀಟರು. ಈಗ ಹಳದಿ ಬಣ್ಣದ ಗುರುತು, ಕೈಮರ ಎಲ್ಲ ಇದೆ. ಯಾರು ಬೇಕಾದರೂ ನಡೆಯಬಹುದು. ಕೈಮರದ ಮೇಲಿರುವ ಹೆಸರು 1940ರಲ್ಲಿ ಹಿಟ್ಲರನ ಕೈಗೆ ಸಿಗದಿರಲು ಈ ದಾರಿ ಹಿಡಿದ ಜರ್ಮನ್ ಚಿಂತಕ ವಾಲ್ಟರ್ ಬೆನ್ಯಾಮಿನ್ ಅವರದು. ದಾರಿ ತೋರಿಸಿದವರು ಬೇರೆ: ಊರಿನ ಮೇಯರ್ ವಿನ್ಸೆಂಟ್ ಅಜೇಮಾ, ಆಮೇಲೆ ಲಿಸಾ ಮತ್ತು ಹಾನ್ಸ್ ಫಿಟ್ಕೊ ಎಂಬ ಗಂಡ ಹೆಂಡತಿ. ಅಜೇಮಾ ಅಂದು ಕೊಟ್ಟ ಸೂಚನೆಗಳಲ್ಲಿ ಹೆಚ್ಚಿನವು ಇವತ್ತಿನ ಚಾರಣಿಗರಿಗೂ ಹಾಗೇ ಅನ್ವಯಿಸುತ್ತವೆ. ಅನ್ವಯಿಸದ ಒಂದೆರಡು ಎಲ್ಲಿ ಅನ್ನುವುದನ್ನೂ ಆಯಾ ಜಾಗದಲ್ಲಿ ಹೇಳುತ್ತೇವೆ.

ಮೊದಲು ಕಾನೂನಿನ ವಿಷಯ. ಅದು ಗೊತ್ತಿಲ್ಲದಿದ್ದರೆ ಈ ದಾರಿ ಯಾಕೆ ಇಷ್ಟು ಸುತ್ತಿಬಳಸಿ ಹೋಗುತ್ತದೆ ಅಂತ ಅರ್ಥವಾಗುವುದಿಲ್ಲ. 1940ರ ಜೂನ್ 22ರಂದು ಫ್ರಾನ್ಸ್ ಜರ್ಮನಿಯ ಜೊತೆ ಕದನವಿರಾಮಕ್ಕೆ ಸಹಿ ಹಾಕಿತು. ಅದರ 19ನೇ ಕಲಮಿನಂತೆ, ಜರ್ಮನಿ ಹೆಸರು ಹಿಡಿದು ಕೇಳಿದ ಜರ್ಮನ್ನರನ್ನು ಫ್ರಾನ್ಸ್ ಹಿಡಿದು ಒಪ್ಪಿಸಬೇಕಿತ್ತು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದಿದ್ದ ಯಹೂದಿಗಳು, ಸಮಾಜವಾದಿಗಳು, ಬರಹಗಾರರು ಎಲ್ಲ ಬೋನಿಗೆ ಬಿದ್ದಂತಾಯಿತು. ಹೊರಗೆ ಹೋಗಲು ನಾಲ್ಕು ಕಾಗದ ಬೇಕು: ಕೊನೆಗೆ ಸೇರುವ ದೇಶದ ವೀಸಾ, ಅದನ್ನು ತೋರಿಸಿದರೆ ಸಿಗುವ ಪೋರ್ಚುಗಲ್ ಟ್ರಾನ್ಸಿಟ್ ವೀಸಾ, ಅದನ್ನು ತೋರಿಸಿದರೆ ಸಿಗುವ ಸ್ಪೇನ್ ಟ್ರಾನ್ಸಿಟ್ ವೀಸಾ, ಇವೆಲ್ಲದರ ಮೇಲೆ ಫ್ರಾನ್ಸ್ ಬಿಡಲು ಫ್ರೆಂಚ್ ಸರ್ಕಾರದ ನಿರ್ಗಮನ ವೀಸಾ. ಮೊದಲ ಮೂರನ್ನು ಮಾರ್ಸೇಯ್ ಪಟ್ಟಣದಲ್ಲಿ ಹೇಗೋ ಹೊಂದಿಸಿಕೊಳ್ಳಬಹುದಿತ್ತು. ಅಲ್ಲಿನ ಚೆಕ್ ಕಾನ್ಸುಲ್ ವ್ಲಾದಿಮಿರ್ ವೊಹೊಚ್ ಚೆಕ್ಕರಲ್ಲದವರಿಗೂ ಚೆಕ್ ಪಾಸ್‌ಪೋರ್ಟ್ ಕೊಡುತ್ತಿದ್ದರು. ವಿಯೆನ್ನಾದ ವ್ಯಂಗ್ಯಚಿತ್ರಕಾರ ಬಿಲ್ ಸ್ಪೀರಾ ಕುಂಚ ಹಿಡಿದು ಸರ್ಕಾರಿ ಮೊಹರುಗಳನ್ನು ಬರೆದುಕೊಡುತ್ತಿದ್ದರು. ನಾಲ್ಕನೆಯದು ಮಾತ್ರ ಸಿಗುವಂತಿರಲಿಲ್ಲ. ಅರ್ಜಿ ಹಾಕಿದರೆ "ನಾನು ಇಲ್ಲಿದ್ದೇನೆ" ಎಂದು ಪೊಲೀಸರಿಗೆ ತಾವೇ ತಿಳಿಸಿದ ಹಾಗೆ.

ಹೀಗಾಗಿ ಈ ಬೆಟ್ಟದ ಒಂದು ಮಗ್ಗುಲು ಮಾತ್ರ ಕಾನೂನುಬಾಹಿರ. ಫ್ರೆಂಚ್ ಗಡಿಕಾವಲಿನ ಕಣ್ಣು ತಪ್ಪಿಸಬೇಕು, ಆದರೆ ಏಣು ದಾಟಿದ ಮೇಲೆ ಅಡಗುವಂತಿಲ್ಲ. ನೆಟ್ಟಗೆ ಮೊದಲ ಸ್ಪ್ಯಾನಿಷ್ ಠಾಣೆಗೆ ಹೋಗಿ ಪ್ರವೇಶದ ಮೊಹರು ಹಾಕಿಸಿಕೊಳ್ಳಬೇಕು. ಮೊಹರಿಲ್ಲದೆ ಒಳಗೆ ಸಿಕ್ಕಿಬಿದ್ದರೆ ಜೈಲು. ಹತ್ತುವಾಗ ದಾರಿ ಮರೆಮರೆಯಲ್ಲಿ ಸಾಗಿ, ಇಳಿಯುವಾಗ ಬಯಲಲ್ಲೇ ರಾಜಾರೋಷವಾಗಿ ಪೋರ್ಟ್‌ಬೌ ಕಡೆಗೆ ಹೋಗುವುದು ಇದಕ್ಕೇ. ಕಾಲಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಇದಕ್ಕಿಂತ ಹತ್ತಿರದ ದಾರಿಯೊಂದು ಫ್ರಾನ್ಸಿನ ಗಡಿಯಂಚಿನ ಸೆರ್ಬೆರ್ ಊರಿನ ಸ್ಮಶಾನದ ಗೋಡೆ ಪಕ್ಕದಿಂದ ಹೋಗುತ್ತಿತ್ತು. 1940ರ ಸೆಪ್ಟೆಂಬರ್ ನಡುವಿನಲ್ಲಿ 69 ವರ್ಷದ ಕಾದಂಬರಿಕಾರ ಹೈನ್ರಿಖ್ ಮಾನ್ ಮತ್ತು ಜೊತೆಗಾರರು ಸೆರ್ಬೆರ್‌ನಿಂದಲೇ ಬೆಟ್ಟ ದಾಟಿದರು. ಅವರ ಪೆಟ್ಟಿಗೆಗಳನ್ನು, ನಿರಾಶ್ರಿತರನ್ನು ದಾಟಿಸಲು ನೆರವಾಗುತ್ತಿದ್ದ ಅಮೆರಿಕದ ಪತ್ರಕರ್ತ ವೇರಿಯನ್ ಫ್ರೈ ರೈಲಿನಲ್ಲಿ ಸಾಗಿಸಿದರು. ಫ್ರೈ ಅವರ ಕಾಗದ ಸರಿಯಾಗಿದ್ದವು. ಆದರೆ ಆ ಕಡೆ ಕಾವಲು ಬಿಗಿಯಾಗುತ್ತಾ ಬಂತು. ಅಜೇಮಾ ತೋರಿಸಿದ ಪಶ್ಚಿಮದ ದಾರಿ ಎತ್ತರದ್ದು, ಹೆಚ್ಚು ಆಯಾಸದ್ದು, ಕಳ್ಳಸಾಗಣೆದಾರರಿಗೆ ಚಿರಪರಿಚಿತವಾದದ್ದು. 1939ರಲ್ಲಿ ಸ್ಪೇನಿನ ಗಣರಾಜ್ಯದ ಸೇನಾನಿ ಲಿಸ್ಟರ್ ಸೋತು ಹಿಮ್ಮೆಟ್ಟುವಾಗ ತನ್ನ ಪಡೆಯನ್ನು ಇದೇ ದಾರಿಯಲ್ಲಿ ಕರೆತಂದಿದ್ದನಂತೆ. ಅದಕ್ಕೇ ಲಿಸ್ಟರ್ ದಾರಿ ಅಂತಲೂ ಕರೆಯುತ್ತಾರೆ.

ಯಾವಾಗ ಹೋಗಬೇಕು

ಏಪ್ರಿಲ್, ಮೇ, ಇಲ್ಲವೇ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆ. ಜುಲೈ, ಆಗಸ್ಟ್ ಬೇಡವೇ ಬೇಡ. ನೆರಳಿಲ್ಲ, ನೀರಿಲ್ಲ, ಜೊತೆಗೆ ಕಾಳ್ಗಿಚ್ಚಿನ ಭಯ. ಪೋರ್ಟ್‌ಬೌ ಸುತ್ತ 2012ರಲ್ಲೂ 2023ರಲ್ಲೂ ದೊಡ್ಡ ಬೆಂಕಿ ಬಿದ್ದಿತ್ತು. ಬೇಸಿಗೆಯಲ್ಲಿ ಫ್ರೆಂಚ್ ಜಿಲ್ಲಾಡಳಿತ ಬೆಂಕಿ ಅಪಾಯದ ನಕ್ಷೆಯನ್ನು ದಿನವೂ ಪ್ರಕಟಿಸುತ್ತದೆ. ಅಪಾಯ ಹೆಚ್ಚಿರುವ ದಿನ ಬೆಟ್ಟಕ್ಕೆ ಪ್ರವೇಶವೇ ಇರುವುದಿಲ್ಲ. ಹಿಂದಿನ ಸಂಜೆ ನೋಡಿಕೊಳ್ಳಿ, ಇಲ್ಲವೇ ನಿಮ್ಮ ಹೋಟೆಲಿನವರನ್ನು ಕೇಳಿ.

ಇನ್ನೊಂದು ತೊಂದರೆ ಗಾಳಿ. ವಾಯವ್ಯದಿಂದ ಬೀಸುವ ಒಣಗಾಳಿಗೆ ಇಲ್ಲಿ ಟ್ರಾಮೊಂಟಾನ್ ಅನ್ನುತ್ತಾರೆ. ಆಕಾಶ ತಿಳಿಯಾಗಿ, ಬಿಸಿಲು ಚೆನ್ನಾಗಿರುವ ದಿನವೇ ಗಂಟೆಗೆ 100 ಕಿ.ಮೀ. ಮೀರಿ ಬೀಸಬಲ್ಲದು. ನಮ್ಮ ಕಡೆಯವರು ಮೋಡ ಮಳೆ ನೋಡಿ ಹವಾಮಾನ ಅಳೆಯುವವರು, ಹಾಗಾಗಿ ಇಲ್ಲಿ ಮೋಸಹೋಗುತ್ತಾರೆ. ಮುನ್ಸೂಚನೆಯಲ್ಲಿ ಮಳೆಯ ಸಾಲಿಗಿಂತ ಮೊದಲು ಗಾಳಿಯ ಸಾಲು ಓದಿ. ಗಂಟೆಗೆ 60 ಕಿ.ಮೀ. ಮೇಲಿದ್ದರೆ ಒಂದು ದಿನ ಮುಂದೂಡುವುದೇ ವಾಸಿ. ಏಣಿನ ಮೇಲೆ ಹಿಡಿದುಕೊಳ್ಳಲು ಏನೂ ಇಲ್ಲ.

ತಲುಪುವುದು, ಕಾಗದಪತ್ರ

ಬಾರ್ಸಿಲೋನಾದಿಂದ ಪೋರ್ಟ್‌ಬೌಗೆ ನೇರ ಪ್ರಾದೇಶಿಕ ರೈಲಿದೆ. ಏರೋಸ್ಪೇಸ್ ಕೆಲಸದ ಮೇಲೆ ಟುಲೂಸ್‌ಗೆ ಬಂದಿರುವ ಬೆಂಗಳೂರಿನವರಿಗೆ ನಾರ್ಬೊನ್, ಪೆರ್ಪಿನ್ಯಾಂ ಮಾರ್ಗವಾಗಿ ಬರುವುದು ಸುಲಭ. ಪೆರ್ಪಿನ್ಯಾಂನಿಂದ ಬಾನ್ಯುಲ್ಸ್‌ಗೆ ಸ್ಥಳೀಯ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಹಿಂದಿನ ರಾತ್ರಿ ಬಾನ್ಯುಲ್ಸ್‌ನಲ್ಲೇ ಉಳಿಯಿರಿ. ಬೆಳಗ್ಗೆ ಪೆರ್ಪಿನ್ಯಾಂನಿಂದ ಬಂದು ನಡೆಯುತ್ತೇವೆ ಅನ್ನುವವರು ಒಂಬತ್ತೂವರೆಗೆ ಹತ್ತಲು ಶುರುಮಾಡಿ, ನಡುಮಧ್ಯಾಹ್ನದ ಬಿಸಿಲಿಗೆ ಏಣಿನ ಕೆಳಗೆ ಸಿಕ್ಕಿಕೊಳ್ಳುತ್ತಾರೆ.

ಎರಡೂ ದೇಶ ಷೆಂಗೆನ್ ಒಳಗೇ ಇರುವುದರಿಂದ ಒಂದೇ ವೀಸಾ ಸಾಕು, ಏಣಿನ ಮೇಲೆ ಠಾಣೆಯೂ ಇಲ್ಲ. ಹಾಗಂತ ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ. 2015ರಿಂದ ಫ್ರಾನ್ಸ್ ತನ್ನ ಗಡಿಗಳಲ್ಲಿ ತಪಾಸಣೆ ಮತ್ತೆ ಶುರುಮಾಡಿದೆ; ಸೆರ್ಬೆರ್ ಕಡೆಗೆ ಬರುವ ರೈಲಿನಲ್ಲಿ ಪೊಲೀಸರು ಹತ್ತುವುದು ಸಾಮಾನ್ಯ. ಮೊಬೈಲಿನಲ್ಲಿರುವ ಫೋಟೋ ನಡೆಯುವುದಿಲ್ಲ, ಮೂಲ ಪಾಸ್‌ಪೋರ್ಟೇ ಬೇಕು. ಬೆವರಿಗೆ ಹಾಳಾಗದಂತೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ.

ಏನು ಹೊರಬೇಕು, ಏನು ಬಿಡಬೇಕು

ಅಜೇಮಾ ಹೇಳಿದ್ದು: ಬೆನ್ನಚೀಲ ಬೇಡ, ಮಾತು ಬೇಡ, ಬೆಳಕು ಹರಿಯುವ ಮೊದಲೇ ದ್ರಾಕ್ಷಿತೋಟದ ಕೂಲಿಯವರ ಜೊತೆ ಬೆರೆತು ಹೊರಡಿ. ಕತ್ತಲಲ್ಲಿ ಕಾವಲಿನವರಿಗೆ ಕೂಲಿಯವರು ಯಾರು, ಓಡಿಹೋಗುವವರು ಯಾರು ಅಂತ ಗೊತ್ತಾಗದು. ಸೂಟ್‌ಕೇಸ್ ಹಿಡಿದವರನ್ನು ಮಾತ್ರ ನೂರು ಅಡಿ ದೂರದಿಂದಲೇ ಗುರುತಿಸಬಹುದು. ಬೆನ್ಯಾಮಿನ್ ಕೈಯಲ್ಲಿ ಒಂದು ಕಪ್ಪು ಕೈಚೀಲವಿತ್ತು, ಒಳಗೆ ಹಸ್ತಪ್ರತಿ. ನನಗಿಂತ ಅದೇ ಮುಖ್ಯ ಅಂತ ಅವರು ಹಟ ಹಿಡಿದಿದ್ದರು. ಏರಿನಲ್ಲಿ ಅದನ್ನು ಸರದಿಯ ಮೇಲೆ ಹೊರಬೇಕಾಯಿತು.

ನೀವೂ ಹೊರೆ ಕಡಿಮೆ ಮಾಡಿ. ಒಬ್ಬರಿಗೆ ಮೂರು ಲೀಟರ್ ನೀರು (ಇದರಲ್ಲಿ ರಾಜಿ ಬೇಡ), ಉಪ್ಪು ಸಕ್ಕರೆಯ ಎರಡು ಪೊಟ್ಟಣ, ಬ್ರೆಡ್ಡು ಅಥವಾ ಚಪಾತಿ ರೋಲು, ಟೋಪಿ, ಗಾಳಿ ತಡೆಯುವ ತೆಳು ಜಾಕೆಟ್, ಟಾರ್ಚು, ಚಿಕ್ಕ ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಒಟ್ಟು ಐದು ಕಿಲೋ ಮೀರದಿರಲಿ. ದೊಡ್ಡ ಲಗೇಜ್ ಇದ್ದರೆ ಬಾನ್ಯುಲ್ಸ್‌ನ ಹೋಟೆಲಿನಲ್ಲೇ ಬಿಟ್ಟು ಸಂಜೆ ವಾಪಸು ಬನ್ನಿ.

ಶೂ ವಿಷಯದಲ್ಲಿ ಒಂದು ಮಾತು. ನೆಲ ಪೂರ್ತಿ ಶಿಸ್ಟ್ ಕಲ್ಲು: ಪದರ ಪದರವಾಗಿ ಬಿರಿದು, ಕಾಲಿಟ್ಟ ಕಡೆ ಬಿಲ್ಲೆಬಿಲ್ಲೆಯಾಗಿ ಜಾರುತ್ತದೆ. ಹತ್ತುವಾಗ ತೊಂದರೆಯಿಲ್ಲ, ಸ್ಪೇನ್ ಕಡೆ ಇಳಿಯುವಾಗ ಕಾಲು ಉಳುಕುವುದು ಇದರಿಂದಲೇ. ತಳದಲ್ಲಿ ಆಳವಾದ ಹಲ್ಲುಗಳಿರುವ ಶೂ ಬೇಕು. ಸವೆದುಹೋದ ಜಾಗಿಂಗ್ ಶೂ ಆಗುವುದಿಲ್ಲ. ಮಂಡಿ ನೋವಿದ್ದವರಿಗೆ ಎರಡು ಊರುಗೋಲು ದೊಡ್ಡ ಸಹಾಯ.

ಅಜೇಮಾ ಮಾತು ಮೀರಬೇಕಾದದ್ದು ಬಟ್ಟೆಯ ಬಣ್ಣದಲ್ಲಿ. ಅಂದು ಕಣ್ಣಿಗೆ ಬೀಳದಿರುವುದೇ ಗುರಿ. ಈಗ ಶರತ್ಕಾಲದಿಂದ ಚಳಿಗಾಲ ಮುಗಿಯುವವರೆಗೆ ಇಲ್ಲಿ ಕಾಡುಹಂದಿ ಬೇಟೆ ನಡೆಯುತ್ತದೆ, ಅದರಲ್ಲೂ ವಾರಾಂತ್ಯಗಳಲ್ಲಿ. ಕಿತ್ತಳೆ ಅಥವಾ ಎದ್ದುಕಾಣುವ ಹಳದಿ ತೊಡಿ, ಮಾತಾಡಿಕೊಂಡೇ ನಡೆಯಿರಿ. ಬೇಟೆಯ ಫಲಕ ಕಂಡರೆ ಗುರುತಿನ ದಾರಿಯಿಂದ ಹೆಜ್ಜೆಯಷ್ಟೂ ಆಚೀಚೆ ಹೋಗಬೇಡಿ.

ನಕ್ಷೆ: ಫ್ರೆಂಚ್ ಐ.ಜಿ.ಎನ್. ಸಂಸ್ಥೆಯ 1:25,000 ಅಳತೆಯ ಹಾಳೆ, ಸಂಖ್ಯೆ 2549 ಒ.ಟಿ. ದಾರಿಯ ಜಿ.ಪಿ.ಎಸ್. ಫೈಲನ್ನು ಊರಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮೇಲೆ ಸಿಗ್ನಲ್ ಬಂದುಹೋಗಿ ಮಾಡುತ್ತದೆ, ಫೋನ್ ಒಮ್ಮೆ ಫ್ರಾನ್ಸ್ ಜಾಲ, ಒಮ್ಮೆ ಸ್ಪೇನ್ ಜಾಲ ಹುಡುಕುತ್ತಾ ಬ್ಯಾಟರಿ ತಿನ್ನುತ್ತದೆ. ತುರ್ತಿಗೆ ಎರಡೂ ಕಡೆ 112.

ಹಿಂದಿನ ಸಂಜೆ

ಹೆಚ್ಚಿನವರು ಬಿಟ್ಟುಬಿಡುವ, ಆದರೆ ಬಿಡಬಾರದ ಹಂತ ಇದು. 1940ರ ಸೆಪ್ಟೆಂಬರ್ 25ರಂದು ಅಜೇಮಾ ಲಿಸಾಗೆ ಒಂದು ಕಚ್ಚಾ ನಕ್ಷೆಯ ಆಧಾರದ ಮೇಲೆ ದಾರಿ ವಿವರಿಸಿ, ಇವತ್ತು ಮಧ್ಯಾಹ್ನವೇ ವಾಯುವಿಹಾರಕ್ಕೆ ಹೋದವರ ಹಾಗೆ ಮೊದಲ ಭಾಗ ನೋಡಿಕೊಂಡು ಬನ್ನಿ ಅಂದರು. ಲಿಸಾಗೂ ಆ ದಾರಿ ಅದೇ ಮೊದಲು. ನಕ್ಷೆಯಲ್ಲಿದ್ದ ಗುರುತುಗಳು ಬಲು ಸರಳ: ಒಂದು ಕೊಟ್ಟಿಗೆ, ಒಂದು ದೊಡ್ಡ ಬಂಡೆ, ಮರಗಳ ನಡುವೆ ಒಂದು ಬಯಲು, ಏಳು ಪೈನ್ ಮರಗಳಿರುವ ದಿಬ್ಬ. ಆ ಏಳು ಮರ ಸದಾ ಬಲಕ್ಕಿರಬೇಕು, ಇಲ್ಲದಿದ್ದರೆ ತೀರ ಉತ್ತರಕ್ಕೆ ಸರಿದುಬಿಡುತ್ತೀರಿ. ಬೆನ್ಯಾಮಿನ್, ಜೊತೆಗೆ ದಾಟಲು ಬಂದಿದ್ದ ಹೆನ್ನಿ ಗುರ್ಲಾಂಡ್ ಎಂಬಾಕೆ, ಆಕೆಯ ಮಗ, ಲಿಸಾ ನಾಲ್ವರೂ ಬಯಲಿನವರೆಗೆ ಹೋದರು. ವಾಪಸು ಬಂದದ್ದು ಮೂವರೇ. ಹೃದಯದ ತೊಂದರೆಯಿದ್ದ ಬೆನ್ಯಾಮಿನ್ ಇಳಿದು ಮತ್ತೆ ಹತ್ತುವ ಶಕ್ತಿ ತನಗಿಲ್ಲವೆಂದು ಲೆಕ್ಕ ಹಾಕಿ ರಾತ್ರಿಯಿಡೀ ಅಲ್ಲೇ ಬಯಲಲ್ಲಿ ಮಲಗಿದರು.

ನೀವು ಮಾಡಬೇಕಾದದ್ದು: ಸಂಜೆ ಐದಕ್ಕೆ ರೈಲು ನಿಲ್ದಾಣದಿಂದ ಹೊರಟು ಪುಯಿಗ್ ದೆಲ್ ಮಾಸ್ ಎಂಬ ಹಳೇ ಕೇರಿ ದಾಟಿ, ಮೊದಲ ದ್ರಾಕ್ಷಿತೋಟಗಳ ತನಕ ಹೋಗಿ ಬರುವುದು. ಸುಮಾರು ಒಂದೂವರೆ ಗಂಟೆ. ದಾರಿ ತಪ್ಪುವವರಲ್ಲಿ ಬಹುಪಾಲು ಜನ ಇಲ್ಲೇ ತಪ್ಪುತ್ತಾರೆ, ಅದಕ್ಕೆ ಕಾರಣ ಇನ್ನೊಂದು ಪ್ರಸಿದ್ಧ ದಾರಿ. ಪಿರೆನೀಸ್ ಉದ್ದಕ್ಕೂ ಅಟ್ಲಾಂಟಿಕ್ ತನಕ ಹೋಗುವ ಜಿ.ಆರ್. 10 ಚಾರಣದ ಒಂದು ತುದಿ ಬಾನ್ಯುಲ್ಸ್. ಅದರ ಗುರುತು ಬಿಳಿ ಕೆಂಪು ಪಟ್ಟೆ, ಎಲ್ಲೆಲ್ಲೂ ಕಾಣುತ್ತದೆ. ಕತ್ತಲಲ್ಲಿ ಟಾರ್ಚಿಗೆ ಮೊದಲು ಸಿಗುವುದೂ ಅದೇ. ಅದನ್ನು ಹಿಡಿದರೆ ನೀವು ಪಶ್ಚಿಮಕ್ಕೆ, ಒಳಬೆಟ್ಟಗಳ ಕಡೆಗೆ ಹೋಗುತ್ತೀರಿ. ನಿಮಗೆ ಬೇಕಾದದ್ದು ಹಳದಿ ಪಟ್ಟೆ. ಸಂಜೆ ಬೆಳಕಲ್ಲಿ ಪ್ರತಿ ಕವಲಿನ ಫೋಟೋ ತೆಗೆದುಕೊಳ್ಳಿ.

ನಡಿಗೆ

ಫಿಟ್ಕೊ ದಂಪತಿ ಬೆಳಗ್ಗೆ ನಾಲ್ಕರಿಂದ ಐದರ ನಡುವೆ ಹೊರಡುತ್ತಿದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯೋದಯ ಏಳೂಮುಕ್ಕಾಲರ ಹತ್ತಿರ. ನೀವು ಆರೂವರೆಗೆ ಹೊರಟರೆ ತೋಟಗಳ ನಡುವೆ ಬೆಳಕಾಗುತ್ತದೆ, ಏಣು ತಲುಪುವಾಗ ಬಿಸಿಲು ಇನ್ನೂ ಹದವಾಗಿರುತ್ತದೆ. ಗಡಿ ದಾಟುವ ಜಾಗ ಸಮುದ್ರಮಟ್ಟದಿಂದ ಸುಮಾರು 550 ಮೀಟರ್. ಸ್ಕಂದಗಿರಿ ಹತ್ತಿದವರಿಗೆ ಇದೇನು ಮಹಾ ಅನ್ನಿಸಬಹುದು. ಇಲ್ಲಿ ಸುಸ್ತು ಮಾಡುವುದು ಎತ್ತರವಲ್ಲ, ಬಿಸಿಲು ಮತ್ತು ಉದ್ದ. ವಿಶ್ರಾಂತಿ ಸೇರಿ ಆರರಿಂದ ಏಳು ಗಂಟೆ ಇಟ್ಟುಕೊಳ್ಳಿ.

ಮೊದಲ ಭಾಗ ದ್ರಾಕ್ಷಿತೋಟಗಳ ಮೆಟ್ಟಿಲುಪಾತಿಗಳ ನಡುವೆ. ಒಣಕಲ್ಲಿನ ಗೋಡೆ, ನೀರು ಹರಿಯಲು ಕಲ್ಲಿನ ಕಾಲುವೆ, ನಡುವೆ ಮೊಣಕಾಲೆತ್ತರದ ಬಳ್ಳಿ. ಗೋಡೆ ಹತ್ತಿ ಅಡ್ಡದಾರಿ ಹಿಡಿಯಬೇಡಿ, ಕಲ್ಲು ಕಳಚುತ್ತದೆ. ಸೆಪ್ಟೆಂಬರಿನಲ್ಲಿ ಕೊಯ್ಲು ನಡೆಯುತ್ತಿದ್ದರೆ ಕೂಲಿಯವರಿಗೆ "ಬೋಂಜೂರ್" ಹೇಳಿ ದಾರಿ ಬಿಡಿ. ಒಂದು ಗೊಂಚಲಾದರೂ ಕೀಳುವುದು ಕಳವೇ. ಈ ಕೂಲಿಯವರ ಮರೆಯೇ ಅಂದು ನಿರಾಶ್ರಿತರ ದೊಡ್ಡ ರಕ್ಷಣೆಯಾಗಿತ್ತು. ಅಪರಿಚಿತರು ತಮ್ಮ ಸಾಲಿನಲ್ಲಿ ನಡೆಯುತ್ತಿರುವುದು ಅವರಿಗೆ ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ಸುಮ್ಮನಿದ್ದರು.

ತೋಟ ಮುಗಿದ ಮೇಲೆ ಪೊದೆಕಾಡು, ಕಾರ್ಕ್ ಓಕ್ ಮರಗಳು. ದಾರಿ ಕಿರಿದಾಗುತ್ತದೆ. ಕೆಲವು ಕಡೆ ಮೇಲಿನ ರಸ್ತೆಗೆ ಸಮಾನಾಂತರವಾಗಿ, ಬಂಡೆಯ ಚಾಚಿನ ಅಡಿಯಲ್ಲಿ ಸಾಗುತ್ತಿದ್ದ ದಾರಿ ಇದು. ಮೇಲಿದ್ದವರಿಗೆ ಕೆಳಗಿನವರು ಕಾಣುತ್ತಿರಲಿಲ್ಲ, ಮಾತಾಡಿದರೆ ಮಾತ್ರ ಕೇಳುತ್ತಿತ್ತು. ಮಾತು ಬೇಡ ಎಂಬ ನಿಯಮದ ಮರ್ಮ ಅದು.

ನಡಿಗೆಯ ಗತಿಗೆ ಬೆನ್ಯಾಮಿನ್ ಅವರ ಲೆಕ್ಕ ಇವತ್ತಿಗೂ ಚೆನ್ನಾಗಿ ಒದಗುತ್ತದೆ: ಹತ್ತು ನಿಮಿಷ ನಡೆ, ಒಂದು ನಿಮಿಷ ನಿಲ್ಲು, ಗಡಿಯಾರ ನೋಡಿಕೊಂಡು. ಸುಸ್ತಾದ ಮೇಲೆ ನಿಲ್ಲುವುದಲ್ಲ, ಆಗುವ ಮೊದಲೇ ನಿಲ್ಲಬೇಕು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನೇ ಅನುಸರಿಸಿ; ಆಗ ಒಟ್ಟು ಎಂಟು ಗಂಟೆ ಹಿಡಿಯಿರಿ. ಅಂದು ಬೆನ್ಯಾಮಿನ್ ಗುಂಪಿಗೆ ಹತ್ತಿರ ಹತ್ತಿರ ಹತ್ತು ಗಂಟೆ ಬೇಕಾಯಿತು. ಕಡಿದಾದ ಒಂದು ದ್ರಾಕ್ಷಿತೋಟದಲ್ಲಿ ಅವರ ಕಾಲು ಸೋತಾಗ ಲಿಸಾ ಮತ್ತು ಆ ಹುಡುಗ ಇಬ್ಬರೂ ತೋಳು ಕೊಟ್ಟು ಮೇಲಕ್ಕೆ ಎಳೆದುಕೊಂಡರು.

ನೀರಿನ ವಿಷಯ ಮತ್ತೆ ಹೇಳಬೇಕು. ನಕ್ಷೆಯಲ್ಲಿ ದಾರಿಬದಿಗೆ ಊಟೆ ಕಾಣಿಸಬಹುದು. ಬೇಸಿಗೆ ಕೊನೆಗೆ ಅದು ಒಣಗಿರುತ್ತದೆ, ಲೆಕ್ಕಕ್ಕೆ ಹಿಡಿಯಬೇಡಿ. ಬೆನ್ಯಾಮಿನ್ ಬಾಯಾರಿ ಹಸಿರು ಪಾಚಿಗಟ್ಟಿದ ಕೊಚ್ಚೆಗುಂಡಿಯ ನೀರು ಕುಡಿದರು. ಟೈಫಸ್ ಬರುತ್ತದೆ ಅಂತ ಲಿಸಾ ತಡೆದರೂ, ಗಡಿ ದಾಟಿದ ಮೇಲೆ ತಾನೇ ಸಾಯುವುದು, ಅಷ್ಟರಲ್ಲಿ ಹಸ್ತಪ್ರತಿ ಸುರಕ್ಷಿತ ಎಂಬ ಅರ್ಥದ ಉತ್ತರ ಕೊಟ್ಟರು. ನಿಮ್ಮ ನೀರು ಅರ್ಧ ಮುಗಿದು, ಏಣು ಇನ್ನೂ ಕಾಣದಿದ್ದರೆ ಹಿಂದಿರುಗಿ. ಬಾನ್ಯುಲ್ಸ್‌ಗೆ ಇಳಿಯುವುದು ಬೇಗ ಆಗುತ್ತದೆ.

ಏಣಿನ ಮೇಲೆ ಎರಡೂ ಕಡೆ ಕಡಲು: ಹಿಂದೆ ಫ್ರಾನ್ಸಿನ ಕೆಂಪು ಕರಾವಳಿ, ಮುಂದೆ ಸ್ಪೇನಿನದು. ಹತ್ತಿರದಲ್ಲೇ ಸುಮಾರು 670 ಮೀಟರ್ ಎತ್ತರದ ಕೇರ್ರೋಯಿಗ್ ಶಿಖರ, ಅದರ ನೆತ್ತಿಯಲ್ಲಿ ಹಾಳುಬಿದ್ದ ಗೋಪುರ. ಹೋಗಿಬರಲು ಮುಕ್ಕಾಲು ಗಂಟೆ ಹೆಚ್ಚು, ಗಾಳಿಯಿದ್ದರೆ ಬಿಟ್ಟುಬಿಡಿ. ಗೋಪುರದ ಕಡೆಯಿಂದ ನೇರ ಕೆಳಕ್ಕೆ ಇಳಿಯುವ ಆಸೆ ಪಡಬೇಡಿ. ಮುಳ್ಳುಪೊದೆಯಲ್ಲಿ ಸಿಕ್ಕಿಕೊಳ್ಳುತ್ತೀರಿ, ದಾಟಿದ ಜಾಗಕ್ಕೇ ಮರಳಿ ಬಂದು ಗುರುತಿನ ದಾರಿ ಹಿಡಿಯಿರಿ.

ಲಿಸಾ ಇಲ್ಲಿಂದ ಸ್ವಲ್ಪ ಮುಂದೆ ಬಂದು, ಕೆಳಗೆ ಪೋರ್ಟ್‌ಬೌ ತೋರಿಸಿ, ನೇರ ಠಾಣೆಗೆ ಹೋಗಿ ಮೊಹರು ಹಾಕಿಸಿಕೊಳ್ಳಿ ಎಂದು ಹೇಳಿ ಹಿಂದಿರುಗಿದರು. ಆಕೆಗೇ ಸ್ಪೇನಿನ ವೀಸಾ ಇರಲಿಲ್ಲ. ಆಕೆಯೂ ನಿರಾಶ್ರಿತೆಯೇ, ಫ್ರಾನ್ಸಿನ ಗುರ್ಸ್ ಬಂಧನ ಶಿಬಿರದಿಂದ ಅದೇ ಬೇಸಿಗೆಯಲ್ಲಿ ತಪ್ಪಿಸಿಕೊಂಡು ಬಂದವರು. ಮುಂದೆ ಫ್ರೈ ಕೇಳಿಕೊಂಡ ಮೇಲೆ ಗಂಡ ಹೆಂಡತಿ ಬಾನ್ಯುಲ್ಸ್‌ನಲ್ಲೇ ಮನೆ ಮಾಡಿ 1941ರ ಏಪ್ರಿಲ್‌ವರೆಗೆ ವಾರಕ್ಕೆ ಎರಡು ಮೂರು ಸಲ ಜನರನ್ನು ದಾಟಿಸಿದರು. ಹಣ ಮುಟ್ಟಲಿಲ್ಲ. ಗುಂಪು ಚಿಕ್ಕದು, ಸಾಮಾನ್ಯವಾಗಿ ಮೂವರು. ಗುರುತಿಗೆ ಹರಿದ ಕಾಗದ: ಒಂದು ತುಂಡು ಮಾರ್ಸೇಯ್‌ನಿಂದ ಬಂದವರ ಕೈಯಲ್ಲಿ, ಇನ್ನೊಂದು ಫಿಟ್ಕೊ ಬಳಿ, ಅಂಚು ಕೂಡಿದರೆ ಮಾತ್ರ ಮುಂದಿನ ಮಾತು.

ಇಳಿಜಾರು ಹತ್ತಿದ್ದಕ್ಕಿಂತ ಕಷ್ಟ. ಮೊದಲ ಅರ್ಧ ಗಂಟೆ ಸಡಿಲ ಕಲ್ಲು. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ. ಆಮೇಲೆ ಮಣ್ಣಿನ ಅಗಲ ದಾರಿ ಸಿಕ್ಕಿ ಕಣಿವೆಗುಂಟ ಊರು ಮುಟ್ಟಿಸುತ್ತದೆ. ಇಲ್ಲಿ ಮತ್ತೆ ಬಿಳಿ ಕೆಂಪು ಪಟ್ಟೆ ಕಂಡರೆ ಅದು ಪೋರ್ಟ್‌ಬೌನಿಂದ ದಕ್ಷಿಣಕ್ಕೆ ಹೋಗುವ ಜಿ.ಆರ್. 92, ನಿಮ್ಮದಲ್ಲ.

ಪೋರ್ಟ್‌ಬೌ

1940ರ ಸೆಪ್ಟೆಂಬರ್ 26ರ ಸಂಜೆ ಇಲ್ಲಿನ ಠಾಣೆಯಲ್ಲಿ ಬೆನ್ಯಾಮಿನ್ ಗುಂಪಿಗೆ ಹೇಳಿದ್ದು: ಫ್ರೆಂಚ್ ನಿರ್ಗಮನ ಮೊಹರಿಲ್ಲದವರನ್ನು ಒಳಗೆ ಬಿಡುವಂತಿಲ್ಲ, ನಾಳೆ ವಾಪಸು. ಅಲ್ಲಿಯವರೆಗೆ ಸ್ಪೇನ್ ಕೇಳದೆ ಇದ್ದ ಕಾಗದ ಅದು. ಆ ರಾತ್ರಿ ಹೋಟೆಲಿನಲ್ಲಿ ಬೆನ್ಯಾಮಿನ್ ತೀರಿಕೊಂಡರು, ವಯಸ್ಸು 48. ಉಳಿದವರನ್ನು ಆಮೇಲೆ ಮುಂದೆ ಹೋಗಲು ಬಿಟ್ಟರು. ಎಲ್ಲ ಸರಿಯಾಗಿ ಮಾಡಿದರೂ ಕೆಡುವ ಜಾಗ ಇದೊಂದೇ ಇತ್ತು. ಇದು ಬೆಟ್ಟ ಹತ್ತಿಸುವವರ ಕೈಮೀರಿದ ವಿಷಯ.

ಸ್ಮಶಾನ ಊರ ಮೇಲಿನ ಬಂಡೆಯ ಮೇಲಿದೆ, ಕೊಲ್ಲಿಗೆ ಮುಖಮಾಡಿ. ಅಧಿಕಾರಿಗಳು ಹೆಸರು ಹಿಂದುಮುಂದು ಮಾಡಿ "ಬೆನ್ಯಾಮಿನ್ ವಾಲ್ಟರ್" ಎಂದು ಬರೆದುಕೊಂಡು 563ನೇ ಗೂಡಿನಲ್ಲಿ ಐದು ವರ್ಷದ ಬಾಡಿಗೆಗೆ ಹೂಳಿದ್ದರು. ಅವಧಿ ಮುಗಿದ ಮೇಲೆ ಅಸ್ಥಿ ಸಾಮೂಹಿಕ ಗುಂಡಿಗೆ ಹೋಯಿತು. ಕೆಲವೇ ತಿಂಗಳ ನಂತರ ಇದೇ ಊರಿನ ಮೂಲಕ ಹೊರಟ, ಬೆನ್ಯಾಮಿನ್ ಅವರ ಗೆಳತಿ, ಚಿಂತಕಿ ಹನ್ನಾ ಅರೆಂಟ್ ಹುಡುಕಿದರೂ ಹೆಸರು ಸಿಗಲಿಲ್ಲ. ಸ್ಮಶಾನದ ಬಾಗಿಲಲ್ಲಿ ಇಸ್ರೇಲಿನ ಶಿಲ್ಪಿ ದಾನಿ ಕರವಾನ್ 1994ರಲ್ಲಿ ಕಟ್ಟಿದ ಸ್ಮಾರಕವಿದೆ: ತುಕ್ಕುಬಣ್ಣದ ಉಕ್ಕಿನ ಸುರಂಗ, ಕಡಲ ಕಡೆಗೆ ಇಳಿಯುವ ಮೆಟ್ಟಿಲು, ನಡುವೆ ದಾಟಲಾಗದ ಗಾಜು. ಮಳೆ ಬಂದಿದ್ದರೆ ಉಕ್ಕಿನ ಮೆಟ್ಟಿಲು ಜಾರುತ್ತದೆ, ಕಡಿದಾಗಿಯೂ ಇದೆ. ನಡೆದು ಸೋತ ಕಾಲಿಗೆ ಇದು ಇಡೀ ದಿನದ ಅತ್ಯಂತ ಅಪಾಯದ ಇಳಿತ ಅಂದರೂ ತಪ್ಪಿಲ್ಲ. ಕೈ ಗೋಡೆಗಿರಲಿ.

ಇದಾದ ಮೇಲೂ ಹುಮ್ಮಸ್ಸಿದ್ದವರು ಪಶ್ಚಿಮದಲ್ಲಿ ಸೇಂಟ್ ಜಿರೋನ್‌ನಿಂದ ಸ್ಪೇನಿನ ಎಸ್ಟೆರ್ರಿ ದಾನೆವುಗೆ ಹೋಗುವ ಇನ್ನೊಂದು ಯುದ್ಧಕಾಲದ ದಾರಿಯನ್ನು ಕೇಳುತ್ತಾರೆ. ಅದು ನಾಲ್ಕು ದಿನದ್ದು, 2,838 ಮೀಟರಿನ ಮೊಂ ವಾಲಿಯೆ ಶಿಖರದ ಮಗ್ಗುಲಲ್ಲಿ ಹಿಮ ತುಳಿಯಬೇಕಾಗಬಹುದು. ಪ್ರತಿ ಜುಲೈನಲ್ಲಿ ನಡೆಯುವ ಸ್ಮರಣೆಯ ಸಾಮೂಹಿಕ ನಡಿಗೆಯ ಜೊತೆ ಬಿಟ್ಟರೆ ಹೊಸಬರು ಹೋಗುವಂಥದ್ದಲ್ಲ.

ವಾಪಸು ಬಾನ್ಯುಲ್ಸ್‌ಗೆ ರೈಲು. ಸ್ಪೇನಿನ ಹಳಿಯ ಅಗಲ 1,668 ಮಿ.ಮೀ., ಹೆಚ್ಚುಕಮ್ಮಿ ನಮ್ಮ ಬ್ರಾಡ್‌ಗೇಜ್, ಫ್ರಾನ್ಸಿನದು 1,435. ಇಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ನಿಲ್ದಾಣ ಬಂದದ್ದು ಈ ಬದಲಾವಣೆಯಿಂದಲೇ. ಫ್ರಾನ್ಸ್ ಕಡೆಗೆ ಹೋಗುವ ರೈಲುಗಳು ಕಡಿಮೆ, ಭಾನುವಾರ ಇನ್ನೂ ಕಡಿಮೆ. ಸಂಜೆಯ ಎರಡು ರೈಲಿನ ಸಮಯವನ್ನು ಬೆಳಗ್ಗೆಯೇ ಬರೆದಿಟ್ಟುಕೊಳ್ಳಿ. ತಪ್ಪಿದರೆ ಪೋರ್ಟ್‌ಬೌನಲ್ಲೇ ಉಳಿಯಿರಿ. ಕತ್ತಲಲ್ಲಿ ಗಡಿಯ ಕರಾವಳಿ ರಸ್ತೆಯಲ್ಲಿ ಸೆರ್ಬೆರ್‌ಗೆ ನಡೆದು ಹೋಗುವ ಸಾಹಸ ಬೇಡ: ತಿರುವುಗಳು ಇಕ್ಕಟ್ಟು, ಕಾಲುಹಾದಿ ಇಲ್ಲ, ಕಾರುಗಳಿಗೆ ನೀವು ಕಾಣುವುದಿಲ್ಲ.